ಸಿಂಧಘಟ್ಟದ ರಂಜಿತಳನ್ನು ಮೂರು ಸಲ ಬೇಡವೆಂದ ಸಂದರ್ಶನ ಯಂತ್ರಕ್ಕೆ

ಮಾನ್ಯರೇ,

ಮುಂಬಯಿಯ ಯಾವುದೋ ಎತ್ತರದ ಮಹಡಿಯಲ್ಲಿ, ಧೂಳು ಸೋಕದ ಗಾಜಿನ ಬೀರುವಿನೊಳಗೆ, ಬೇಸಿಗೆಯಲ್ಲೂ ಸ್ವೆಟರು ಬೇಕೆನಿಸುವಷ್ಟು ತಂಪಿನಲ್ಲಿ ಗುಂಯ್‌ಗುಡುತ್ತ ಕುಳಿತಿರುವ ತಮಗೆ, ಕೆ.ಆರ್.ಪೇಟೆ ತಾಲ್ಲೂಕು ಸಿಂಧಘಟ್ಟದ ಪುಟ್ಟರಾಜು ಮತ್ತು ಪುಟ್ಟಲಕ್ಷ್ಮಮ್ಮನವರ ಮಗಳು ರಂಜಿತ ಮಾಡುವ ಅನಂತ ನಮಸ್ಕಾರಗಳು. ತಮ್ಮ ಫ್ಯಾನುಗಳು ನಿಲ್ಲದೆ ತಿರುಗುತ್ತಿವೆಯೆಂದೂ, ತಮಗೆ ನಮ್ಮೂರಿನವರಂತೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ಹೋಗುವುದಿಲ್ಲವೆಂದೂ, ತಮ್ಮ ಬಂಧುಬಳಗದ ಹಿರಿಯ ಕಿರಿಯ ಸರ್ವರುಗಳೆಲ್ಲರೂ ಆರೋಗ್ಯದಿಂದಿದ್ದಾರೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ತಾವು ಒಂದು ದೊಡ್ಡ ಹೂಡಿಕೆ ಬ್ಯಾಂಕಿನಲ್ಲಿ ಹೊಸಬರನ್ನು ಕೆಲಸಕ್ಕೆ ಆರಿಸುವ ಯಂತ್ರ. ಬ್ಯಾಂಕಿನ ಹೆಸರು ತಮಗೇ ಗೊತ್ತಿರುವುದರಿಂದ ಇಲ್ಲಿ ಬರೆದು ಶಾಯಿ ಖರ್ಚು ಮಾಡುವುದಿಲ್ಲ. ಅರ್ಜಿ ಓದುವವರು ತಾವು, ಮುಖ ನೋಡುವವರು ತಾವು, ಬೇಡವೆನ್ನುವವರೂ ತಾವೇ. ಇಷ್ಟೊಂದು ಜವಾಬ್ದಾರಿ ಹೊತ್ತೂ ಒಂದು ದಿನ ರಜೆ ಕೇಳದ ತಮ್ಮ ಕರ್ತವ್ಯನಿಷ್ಠೆಗೆ ತಲೆಬಾಗಿ, ತಮ್ಮ ಮೇಲಿನ ನನ್ನ ದೂರನ್ನು ಮೊದಲಿನಿಂದ ಹೇಳುತ್ತೇನೆ.

ನನ್ನ ಅಪ್ಪ ಪಾಂಡವಪುರದಾಚೆ ಹೊನ್ನಪ್ಪಗೌಡರ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ರಸವನ್ನು ಯಾವ ಕ್ಷಣದಲ್ಲಿ ಇಳಿಸಬೇಕೆಂದು ಹೇಳುವುದು ಅವರ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡುತ್ತ, ವಾರಕ್ಕೊಮ್ಮೆ ಊರಿಗೆ ಬಂದು, ಅಂಗಿಗೆಲ್ಲ ಬೆಲ್ಲದ ವಾಸನೆ ಹೊತ್ತು ನಿಲ್ಲುತ್ತಾರೆ. ಅಮ್ಮ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾರೆ. ನಮ್ಮ ಎರಡೂ ಕಡೆಯ ನೆಂಟರಲ್ಲಿ ಬ್ಯಾಂಕಿನೊಳಗೆ ಕೂತು ಕೆಲಸ ಮಾಡಿದವರು ಒಬ್ಬರೂ ಇಲ್ಲ. ನಿಂತು ಕೆಲಸ ಮಾಡಿದವರು ಒಬ್ಬರಿದ್ದಾರೆ. ದೊಡ್ಡಪ್ಪ ಬಾಗಿಲಲ್ಲಿ ಕೋವಿ ಹಿಡಿದು ನಿಂತಿದ್ದರು.

ನಾನು ಚಿಕ್ಕವಳಿದ್ದಾಗ ತಾತ ಸೋಮಯ್ಯನವರ ಜೊತೆ ಎತ್ತು ಮಾರಲು ದನದ ಸಂತೆಗೆ ಹೋಗಿದ್ದೆ. ದಲ್ಲಾಳಿ, ಸುತ್ತಲಿನವರಿಗೆ ಕಾಣದಂತೆ ಬೆರಳಿನಲ್ಲೇ ಬೆಲೆ ಹೇಳಲು, ಟವೆಲ್ಲಿನ ಕೆಳಗೆ ತಾತನ ಬೆರಳು ಹಿಡಿದ, ಕೊಳ್ಳುವವನ ಬೆರಳು ಹಿಡಿದ, ವ್ಯಾಪಾರ ಮುಗಿಯಿತೆಂದ. ದಾರಿಯುದ್ದಕ್ಕೂ ತಾತ, "ಬೆಲೆ ಸರಿಯಾಯ್ತೋ ಇಲ್ವೋ ಕಾಣೆ ಕಣವ್ವ" ಅನ್ನುತ್ತಲೇ ಇದ್ದರು. ಆವತ್ತಿನಿಂದ ನನಗೆ ಆ ಟವೆಲ್ಲು ಎತ್ತಿ ನೋಡುವ ಹುಚ್ಚು. ಕೆ.ಆರ್.ಪೇಟೆಯಲ್ಲಿ ಬಿ.ಕಾಂ. ಓದುವಾಗ, ಕಂಪನಿಗಳನ್ನು ಕೊಳ್ಳುವವರ ಮತ್ತು ಮಾರುವವರ ನಡುವೆ ನಿಂತು ಬೆಲೆ ಕಟ್ಟುವ ಬ್ಯಾಂಕುಗಳಿವೆಯೆಂದು ಪತ್ರಿಕೆಯಲ್ಲಿ ಓದಿ ನಮ್ಮ ಮೇಷ್ಟ್ರನ್ನು ಕೇಳಿದೆ. ಅವರು, "ಸಂತೆ ದಲ್ಲಾಳಿಗೆ ಕೋಟು ತೊಡಿಸಿ, ಎ.ಸಿ. ರೂಮಲ್ಲಿ ಕೂರ್ಸಿದ್ರೆ ಅದೇ ಕಣಮ್ಮ" ಅಂದರು. ಆ ಕ್ಷಣವೇ ನನ್ನ ಜೀವನದ ಗುರಿ ತೀರ್ಮಾನವಾಯಿತು. ಅಮ್ಮನೂ ಸಂತೋಷಪಟ್ಟರು. "ಬ್ಯಾಂಕಾದ್ರೆ ಒಳ್ಳೇದೇ ಬುಡು, ಪಾಸ್‌ಬುಕ್ ಎಂಟ್ರಿಗೆ ನಾವು ಕ್ಯೂ ನಿಲ್ಲಂಗಿಲ್ಲ" ಅಂದರು.

ಡಿಗ್ರಿ ಮುಗಿಸಿ, ಒಂದೂವರೆ ವರ್ಷ ಕಂಪನಿಗಳ ಲೆಕ್ಕಪತ್ರ ಓದುವುದನ್ನು ಮೊಬೈಲಿನ ಬಿರುಕುಬಿಟ್ಟ ಪರದೆಯಲ್ಲಿ ಕಲಿತು, ತಮಗೆ ಮೊದಲ ಅರ್ಜಿ ಹಾಕಿದೆ. ತಮ್ಮ ಫಾರಂನಲ್ಲಿ ಕಾಲೇಜಿನ ಹೆಸರು ಟೈಪು ಮಾಡಲು ಜಾಗವಿರಲಿಲ್ಲ, ಪಟ್ಟಿಯೊಂದರಿಂದ ಆರಿಸಬೇಕಿತ್ತು. ಲಂಡನ್ನಿನ ಕಾಲೇಜಿತ್ತು, ಸಿಂಗಪುರದ್ದಿತ್ತು, ನಮ್ಮದಿರಲಿಲ್ಲ. ಕೊನೆಯಲ್ಲಿ 'ಇತರೆ' ಎಂದಿತ್ತು. ಇಡೀ ಮಂಡ್ಯ ಜಿಲ್ಲೆಯನ್ನು ಮೂರೇ ಅಕ್ಷರದಲ್ಲಿ ಹಿಡಿಸಿದ ತಮ್ಮ ಸಂಕ್ಷಿಪ್ತತೆ ಮೆಚ್ಚಿ ಅದನ್ನೇ ಒತ್ತಿದೆ. ಹನ್ನೊಂದು ನಿಮಿಷದಲ್ಲಿ ತಮ್ಮ ವಿಷಾದಪತ್ರ ಬಂತು. ಸೈಬರ್ ಸೆಂಟರಿನ ಲೋಕೇಶಣ್ಣ ನನ್ನ ಅರ್ಜಿಯ ಪ್ರಿಂಟು ಇನ್ನೂ ತೆಗೆಯುತ್ತಲೇ ಇದ್ದರು. ಅವರು ಪರದೆ ನೋಡಿ, "ಬ್ಯಾಡ ಅನ್ನಕ್ಕೂ ಇಷ್ಟು ಅರ್ಜೆಂಟಾ? ಅವ್ರಿಗೆ ಏನ್ ಕೆಲ್ಸ ಕೆಟ್ಟಿತ್ತವ್ವ?" ಅಂದರು. ನಾನು ತಮ್ಮ ಪರವಾಗಿ ನಾಚಿಕೊಂಡೆ.

ಎರಡನೇ ಸಲ ತಾವು ದೊಡ್ಡ ಮನಸ್ಸು ಮಾಡಿ ನನ್ನ ಮುಖ ನೋಡಲು ಒಪ್ಪಿದಿರಿ. ತಾವು ಪ್ರಶ್ನೆ ತೋರಿಸುವುದು, ನಾನು ಮೊಬೈಲಿನ ಕಣ್ಣಿಗೆ ನೇರವಾಗಿ ನೋಡಿ ತೊಂಬತ್ತು ಸೆಕೆಂಡಿನಲ್ಲಿ ಉತ್ತರಿಸುವುದು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ. ಲೋಕೇಶಣ್ಣನ ಮದುವೆ ರಿಸೆಪ್ಷನ್ನಿನ ಕೋಟು ತೊಟ್ಟು, ಬೆನ್ನಿಗೆ ಬಟ್ಟೆ ಒಣಹಾಕುವ ಐದು ಕ್ಲಿಪ್ಪು ಹಾಕಿ ಬಿಗಿ ಮಾಡಿಕೊಂಡು, ಹುಲ್ಲಿನ ಕಂತೆಯ ಮೇಲೆ ಮೊಬೈಲು ನಿಲ್ಲಿಸಿ ಕುಳಿತೆ. ತಾವು ನಾಯಕತ್ವದ ಬಗ್ಗೆ ಕೇಳಿದಿರಿ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಾಲು ಕರೆಯಲು ಬಂದ ಅಮ್ಮ, ಮಗಳು ಯಾರೋ ದೊಡ್ಡವರೊಡನೆ ಮಾತಾಡುತ್ತಿದ್ದಾಳೆಂದು ತಿಳಿದು, ಮರ್ಯಾದೆಗೆ ಬಗ್ಗಿ ಮೊಬೈಲಿನೊಳಗೆ ನೋಡಿ, "ನಮಸ್ಕಾರ ಸಾರ್, ಊಟ ಆಯ್ತಾ? ನಮ್ ಉಡ್ಗಿ ಬಾಳ ಓದವ್ಳೆ, ಸ್ವಲ್ಪ ನೋಡ್ಕಳಿ" ಅಂದುಬಿಟ್ಟರು. ತಾವು ಊಟವಾಯಿತೋ ಇಲ್ಲವೋ ಹೇಳಲಿಲ್ಲ. ಹಸು ಮಾತ್ರ ಅಂಬಾ ಅಂತು.

ಮಾರನೆಯ ದಿನ ತಮ್ಮ ವರದಿ ಬಂತು. ಎರಡು ಮುಖಗಳು ಕಂಡುಬಂದಿವೆ. ಮೊದಲನೆಯ ಮುಖದ ಆತ್ಮವಿಶ್ವಾಸ ನೂರಕ್ಕೆ ಮೂವತ್ತೆಂಟು. ಎರಡನೆಯ ಮುಖದ ಆತ್ಮವಿಶ್ವಾಸ ನೂರಕ್ಕೆ ತೊಂಬತ್ತೊಂದು, ಸ್ನೇಹಪರತೆ ಅತ್ಯುತ್ತಮ. ಫಲಿತಾಂಶ: ಇಬ್ಬರೂ ಬೇಡ. ಇದನ್ನು ಓದಿ ಹೇಳಿದಾಗ ಅಮ್ಮ ಇಡೀ ಬೀದಿಗೆ ಮಜ್ಜಿಗೆ ಕೊಟ್ಟರು. ಡೈರಿಯ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ನಿಂತ ಹೆಂಗಸರಿಗೆಲ್ಲ, "ನಂಗೆ ಫಸ್ಟ್ ಕ್ಲಾಸ್ ಬಂದೈತೆ, ಮಗಳು ಫೇಲು" ಎಂದು ಒಂದು ತಿಂಗಳು ಹೇಳಿಕೊಂಡು ತಿರುಗಿದರು. ನಾನು ಆ ದಿನ ಕೋಟು ಬಿಚ್ಚಿ ಮಡಿಸುವಾಗ ಅತ್ತೆನೆಂಬುದನ್ನೂ ತಮ್ಮ ದಾಖಲೆಗಾಗಿ ತಿಳಿಸುತ್ತೇನೆ. ಆ ಮುಖಕ್ಕೆ ಎಷ್ಟು ಅಂಕ ಕೊಡುತ್ತಿದ್ದಿರೋ ಕಾಣೆ.

ಒಳಗಿರುವ ಯಾರನ್ನಾದರೂ ಪರಿಚಯ ಮಾಡಿಕೊಳ್ಳಬೇಕು, ಅವರೊಡನೆ ಒಂದು ಕಾಫಿ ಕುಡಿಯಬೇಕು ಎಂದು ಎಲ್ಲರೂ ಬುದ್ಧಿ ಹೇಳಿದ್ದರಿಂದ, ತಮ್ಮ ಬ್ಯಾಂಕಿನ ಅರವತ್ತಮೂರು ಮಂದಿಗೆ ಕಾಗದ ಬರೆದೆ. ಅರವತ್ತೆರಡು ಮಂದಿ ಕಾಫಿ ಬಿಟ್ಟವರಿರಬೇಕು. ಒಬ್ಬರು ಮಾತ್ರ ಉತ್ತರಿಸಿದರು: ನಾಗಮಂಗಲದ ಕಡೆಯವರು, ತಮ್ಮ ಬ್ಯಾಂಕಿನಲ್ಲೇ ಹಿರಿಯ ಹುದ್ದೆಯಲ್ಲಿರುವ ಹೇಮಶ್ರೀ ಮೇಡಂ. "ಭಾನುವಾರ ಅಣ್ಣನ ಮಗುವಿನ ಮುಡಿ ಕೊಡಲು ಕರಿಘಟ್ಟಕ್ಕೆ ಬರುತ್ತೇನೆ. ಅಲ್ಲಿ ಹದಿನೈದು ನಿಮಿಷ ಸಿಗುತ್ತೇನೆ" ಎಂದು ಬರೆದಿದ್ದರು.

ಅಪ್ಪನೂ ನಾನೂ ಎರಡು ಬಸ್ಸು ಹತ್ತಿ ಇಳಿದು, ಶ್ರೀರಂಗಪಟ್ಟಣದಲ್ಲಿ ಒಂದು ಆಟೋ ಹಿಡಿದು ಹೋದಾಗ ಮೇಡಂ ಮೆಟ್ಟಿಲ ಅರ್ಧದಲ್ಲಿ ಏದುಸಿರು ಬಿಡುತ್ತ ಕುಳಿತಿದ್ದರು. ನಾನು ಅಲ್ಲೇ, ಒಂದು ಮೆಟ್ಟಿಲು ಕೆಳಗೆ ನಿಂತು, ಬಾಯಿಪಾಠ ಮಾಡಿಕೊಂಡಿದ್ದ ಅಮೆರಿಕದ ಎರಡು ಔಷಧಿ ಕಂಪನಿಗಳ ವಿಲೀನವನ್ನು ಒಪ್ಪಿಸಲು ಶುರುಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಇದ್ನ ನಾನೂ ಪೇಪರಲ್ಲಿ ಓದಿವ್ನಿ ಕಣಮ್ಮ. ನೀನೇ ಕಣ್ಣಾರೆ ನೋಡಿರೋ ವ್ಯಾಪಾರ ಯಾವ್ದಾದ್ರೂ ಐತಾ?"

"ಇಲ್ಲ ಮೇಡಂ."

"ಸಿಕ್ದಾಗ ನೋಡು. ಯಾರು ಏನ್ ಮಾರ್ತಾವ್ರೆ, ಕೊಳ್ಳೋನು ನಿಜವಾಗ್ಲೂ ಏನ್ ಕೊಳ್ತಾವ್ನೆ, ಅಷ್ಟು ಗೊತ್ತಾದ್ಮೇಲೆ ಬರೆದು ಕಳ್ಸು. ಯಾವ್ ಕಾಲೇಜು ಅಂತ ನಾನು ಕೇಳಲ್ಲ."

ಬಂದ ಕೆಲಸ ಕೆಟ್ಟಿತೆಂದೇ ತಿಳಿದು ಮೆಟ್ಟಿಲಿಳಿದೆ. ಅಪ್ಪ, "ಒಳ್ಳೇರಂಗವ್ರೆ" ಎಂದಷ್ಟೇ ಹೇಳಿ ನನಗೊಂದು ಕಬ್ಬಿನ ಹಾಲು ಕೊಡಿಸಿದರು. ಅವರು ಮಾತ್ರ ಕುಡಿಯಲಿಲ್ಲ, ವಾರವೆಲ್ಲ ಅದರ ವಾಸನೆಯಲ್ಲೇ ಇರುವವರು.

ಅದಾಗಿ ಮೂರು ವಾರಕ್ಕೆ ಹೊನ್ನಪ್ಪಗೌಡರು ಆಲೆಮನೆ ಮಾರಲು ಹೊರಟರು. ಅವರಿಗೆ ಮೊಣಕಾಲು ನೋವು, ಒಲೆಯ ಮುಂದೆ ನಿಲ್ಲಲಾಗುತ್ತಿರಲಿಲ್ಲ. ರಾಸಾಯನಿಕ ಹಾಕದ ಬೆಲ್ಲ ಮಾರುವ ಬೆಂಗಳೂರಿನ ಕಂಪನಿಯೊಂದು ಮುಂದೆ ಬಂದಿತ್ತು. ಕಂಪನಿಯ ಶಿವಶಂಕರ್ ಎಂಬುವರು ಗಾಣ, ಕೊಪ್ಪರಿಗೆ, ಶೆಡ್ಡು, ಬೋರ್‌ವೆಲ್ ಎಲ್ಲವನ್ನೂ ಪಟ್ಟಿ ಮಾಡಿ ಬೆಲೆ ಹೇಳಿದ್ದರು. ಪಟ್ಟಿಯಲ್ಲಿ ಮನುಷ್ಯರಿರಲಿಲ್ಲ. ಅಪ್ಪನೂ ಸೇರಿ ಹತ್ತು ಮಂದಿ ಕೆಲಸಗಾರರನ್ನು ಬಿಟ್ಟು, ತಮ್ಮದೇ ಆಳುಗಳನ್ನು ತರುವುದಾಗಿ ಹೇಳಿದ್ದರು. ಆ ಶನಿವಾರ ಅಪ್ಪ ಮನೆಗೆ ಬಂದು ಅರ್ಧ ಮುದ್ದೆಗೇ ಕೈತೊಳೆದರು. ನಾನು ಹುಟ್ಟಿದಾಗಿನಿಂದ ಅವರು ಮುದ್ದೆ ಬಿಟ್ಟದ್ದನ್ನು ನೋಡಿರಲಿಲ್ಲ.

ಸೋಮವಾರ ನಾನೇ ಗೌಡರ ಮುಂದೆ ಹೋಗಿ ನಿಂತೆ. "ಗೌಡ್ರೇ, ಒಂದ್ವಾರ ತಡೀರಿ. ಇದಕ್ಕೆ ಸರಿಯಾದ ಬೆಲೆ ಕಟ್ಕೊಡ್ತೀನಿ."

"ನಿಂಗೇನ್ ಗೊತ್ತವ್ವಾ ಇದೆಲ್ಲ?"

"ಗೊತ್ತಿಲ್ಲ ಗೌಡ್ರೇ. ಅದಕ್ಕೇ ಒಂದ್ವಾರ ಬೇಕು."

ಗೌಡರು ನಕ್ಕು, "ಪುಟ್ರಾಜನ್ ಮಗಳು ಅಂತ ಒಪ್ಕತೀನಿ ಕಣವ್ವ" ಅಂದರು. ಒಂದು ವಾರ ನಾನು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್.ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಬೇರೆ ಬೆಲ್ಲಕ್ಕಿಂತ ಗೌಡರ ಬೆಲ್ಲಕ್ಕೆ ಜನ ಹೆಚ್ಚು ಕೊಡುವುದೇಕೆಂದು ಪ್ರತಿಯೊಬ್ಬರನ್ನೂ ಕೇಳಿದೆ. ನಾಗಮಂಗಲದ ಅಂಗಡಿಯವರೊಬ್ಬರು ಒಂದು ಅಚ್ಚು ಬೆಲ್ಲವನ್ನು ಕೌಂಟರಿಗೆ ಟಕ್ಕೆಂದು ಕುಟ್ಟಿ, "ಇದು ಮಳೆಗಾಲದಲ್ಲೂ ನೀರು ಬುಡಲ್ಲ ಕಣಮ್ಮ. ಪಾಕ ತೆಗೆಯೋನ ಕೈ ಅಂಗೈತೆ" ಅಂದರು. ಆ ಕೈ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೊರಗೆ ಬಂದು ರಸ್ತೆಬದಿಯಲ್ಲೇ ಎರಡು ಕುಣಿತ ಕುಣಿದೆ. ಕೊಳ್ಳುವವರು ನಿಜವಾಗಿ ಕೊಳ್ಳಬೇಕಾದದ್ದು ಏನೆಂದು ಸಿಕ್ಕಿಬಿಟ್ಟಿತ್ತು.

ಅಪ್ಪನ ಕೈಯನ್ನೂ ಅವರ ಜೊತೆಯವರನ್ನೂ ಉಳಿಸಿಕೊಂಡರೆ ಆಲೆಮನೆಯ ಬೆಲೆ ಎಷ್ಟೆಂದು ಹೇಳುವ ಹತ್ತೊಂಬತ್ತು ಪುಟದ ವರದಿ ಸಿದ್ಧವಾಯಿತು. ಶಿವಶಂಕರ್ ಅವರು ಅದನ್ನು ಆಲೆಮನೆಯ ಜಗಲಿಯಲ್ಲಿ ಕುಳಿತು ಪೂರ್ತಿ ಓದಿದರು; ಅವರೂ ಮನುಷ್ಯರೇ, ಆದ್ದರಿಂದ ಮುಕ್ಕಾಲು ಗಂಟೆ ಹಿಡಿಯಿತು. ಓದಿ ಮುಗಿಸಿ, "ಚೆನ್ನಾಗಿದೆ. ಆದ್ರೆ ಪಾಕ ನೋಡೋದೇನು ಅಂಥ ವಿದ್ಯೆ? ನಮ್ಮ ಹತ್ರ ಥರ್ಮಾಮೀಟರ್ ಇದೆ, ಎಕ್ಸ್‌ಪರ್ಟ್ ಇದಾರೆ" ಅಂದರು. ಹಾಗಾದರೆ ಒಂದು ಕೊಪ್ಪರಿಗೆ ಅವರೇ ಇಳಿಸಲಿ ಎಂದೆ. ಅವರ ಎಕ್ಸ್‌ಪರ್ಟ್ ಗೆದ್ದರೆ ಹತ್ತು ಮನೆಯ ಅನ್ನ ನನ್ನಿಂದಲೇ ಹೋದಂತಾಗುತ್ತಿತ್ತು.

ಬಿಳಿ ಟೋಪಿಯ ಎಕ್ಸ್‌ಪರ್ಟ್ ಥರ್ಮಾಮೀಟರ್ ನೋಡಿ, ಪುಸ್ತಕದಲ್ಲಿದ್ದ ಡಿಗ್ರಿಗೆ ಸರಿಯಾಗಿ ಪಾಕ ಇಳಿಸಿ ಅಚ್ಚಿಗೆ ಹುಯ್ಯಿಸಿದರು. ಒಂದು ಗಂಟೆಯಾಯಿತು, ಎರಡಾಯಿತು, ಬೆಲ್ಲ ಗಟ್ಟಿಯಾಗಲೇ ಇಲ್ಲ. ಬಗ್ಗಿ ನೋಡುತ್ತಿದ್ದ ಶಿವಶಂಕರ್ ಅವರ ಜೇಬಿನಿಂದ ಪೆನ್ನು ಜಾರಿ ಅಂಟಿನಲ್ಲಿ ನೆಟ್ಟಗೆ ನಿಂತಿತು. ಗೌಡರು ಬಹಳ ವಿನಯದಿಂದ, "ಬಾಟ್ಲಿಗೆ ತುಂಬ್ಕೊಂಡೋಗಿ ಸಾರ್, ಕೆಮ್ಮಿಗೆ ಆಯ್ತದೆ" ಅಂದರು. ಆಮೇಲೆ ಅದೇ ಕಬ್ಬಿನ ಹೊಸ ರಸವನ್ನು ಅಪ್ಪ ಒಲೆಗೇರಿಸಿದರು. ನಾಲಗೆಗೆ ಒಂದು ಹನಿ ಹಚ್ಚಿಕೊಂಡು, "ಇದು ಸವುಳು ಬೂಮಿ ಕಬ್ಬು, ಜಾಸ್ತಿ ಕಾಯ್ಬೇಕು" ಎಂದು ಕಣ್ಣು ಮುಚ್ಚಿ ನಿಂತರು. ಅವರು ನೋಡುತ್ತಿರಲಿಲ್ಲ, ಕುದಿಯುವ ಸದ್ದು ಕೇಳುತ್ತಿದ್ದರು. "ಸದ್ದು ದಪ್ಪ ಆಯ್ತು. ಇಳ್ಸ್ರಲಾ!" ಅಂದರು. ಹೊತ್ತು ಇಳಿಯುವ ಮುಂಚೆ ಅಚ್ಚುಗಳನ್ನು ಬೋರಲು ಹಾಕಿದಾಗ ಬೆಲ್ಲ ಇಟ್ಟಿಗೆಯಂತೆ ಉದುರಿತು. ಶಿವಶಂಕರ್ ಅವರು ಒಂದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ವರದಿಯನ್ನು ಎರಡನೇ ಸಲ, ನಿಧಾನವಾಗಿ ಓದಿದರು.

ಗೌಡರಿಗೆ ಮೊದಲು ಹೇಳಿದ್ದಕ್ಕಿಂತ ಕಾಲುಭಾಗ ಹೆಚ್ಚು ಬಂತು. ಹತ್ತೂ ಮಂದಿಯ ಕೆಲಸ ಉಳಿಯಿತು. ಅಪ್ಪನಿಗೆ ಪಾಕದ ಮೇಸ್ತ್ರಿಯೆಂಬ ಹುದ್ದೆಯೂ, ಮಾರಾಟವಾಗುವ ಬೆಲ್ಲದಲ್ಲಿ ಒಂದು ಸಣ್ಣ ಪಾಲೂ ಕರಾರಿನಲ್ಲಿ ಸೇರಿತು. ಆ ಸಾಲನ್ನು ಬರೆದವಳು ನಾನು. ಎಲ್ಲ ಮುಗಿದ ಮೇಲೆ ಗೌಡರು, "ನಿನ್ ಕಮಿಷನ್ ಎಷ್ಟವ್ವ?" ಎಂದು ಕೇಳಿದಾಗ, ಅದೊಂದನ್ನು ಯೋಚಿಸುವುದನ್ನೇ ನಾನು ಮರೆತಿದ್ದೆನೆಂದು ಗೊತ್ತಾಯಿತು. ಎರಡು ಪೆಟ್ಟಿಗೆ ಬೆಲ್ಲ ಕೊಟ್ಟು ಕಳುಹಿಸಿದರು.

ಈಗ ತಮ್ಮ ಮೂರನೆಯ ಸಾಧನೆಗೆ ಬರುತ್ತೇನೆ. ಆ ಹತ್ತೊಂಬತ್ತು ಪುಟವನ್ನು ಅರ್ಜಿಯ ಜೊತೆ ತಮಗೆ ಕಳುಹಿಸಿದೆ. ನಾಲ್ಕೇ ನಿಮಿಷದಲ್ಲಿ ಓದಿ, ಸಂಬಂಧಪಟ್ಟ ಅನುಭವ ಕಾಣುತ್ತಿಲ್ಲವೆಂದು ತಿಳಿಸಿ, ಮುಂದಿನ ಬಾಳಿಗೆ ಶುಭ ಕೋರಿದಿರಿ. ಇಷ್ಟು ಶುಭ ಕೋರಿದವರು ನಮ್ಮ ಸೋದರಮಾವಂದಿರಲ್ಲೂ ಇಲ್ಲ. ಅದೇ ಪುಟಗಳನ್ನು ಹೇಮಶ್ರೀ ಮೇಡಮ್ಮಿಗೂ ಕಳುಹಿಸಿದ್ದೆ. ಅವರು ಎರಡು ದಿನ ತೆಗೆದುಕೊಂಡು ಫೋನ್ ಮಾಡಿ, "ಲೇ ಉಡ್ಗಿ, ಪೆನ್ನು ನೆಟ್ಟಗೆ ನಿಂತಿದ್ದು ನಿಜವೇನೇ?" ಎಂದು ಕೇಳಿದರು. ನಿಜವೆಂದೆ. ವರದಿಯನ್ನು ಬ್ಯಾಂಕಿನ ಮೇಲಧಿಕಾರಿಗಳ ಮೇಜಿಗೆ ಒಯ್ದರು.

ಬ್ಯಾಂಕಿನ ನಾಲ್ಕು ಮಂದಿ ನನ್ನನ್ನು ತಮ್ಮ ಬೆಂಗಳೂರಿನ ಕಚೇರಿಗೆ ಕರೆದು ಎರಡು ಗಂಟೆ ಕೂರಿಸಿ ಕೇಳಿದರು. ಒಬ್ಬರು ಹನ್ನೊಂದನೆಯ ಪುಟದಲ್ಲಿ, ಒಲೆಗೆ ಉರಿಸುವ ಕಬ್ಬಿನ ಸಿಪ್ಪೆಯ ಉಳಿತಾಯವನ್ನು ನಾನು ಎರಡು ಸಲ ಸೇರಿಸಿದ್ದನ್ನು ಹಿಡಿದರು. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಪೆನ್ನು ಕೇಳಿ, ಅವರೆದುರೇ ತಿದ್ದಿ, ಬೆಲೆ ಎಷ್ಟು ಇಳಿಯುತ್ತದೆಂದು ಹೇಳಿ, ಈ ತಪ್ಪನ್ನು ಕಂಪನಿಯವರಿಗೂ ಗೌಡರಿಗೂ ಇವತ್ತೇ ತಿಳಿಸುತ್ತೇನೆಂದೆ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಲಸ ಹೋಯಿತೆಂದೇ ತಿಳಿದು ಹೊರಬಂದು, ಮೊದಲು ಆ ಎರಡು ಫೋನು ಮಾಡಿದೆ. ಶಿವಶಂಕರ್ ಅವರು ಅಷ್ಟು ಸಣ್ಣ ವ್ಯತ್ಯಾಸಕ್ಕೆ ಕರಾರು ಬಿಚ್ಚುವುದಿಲ್ಲವೆಂದರು. ಗೌಡರು, "ಏಳಿದ್ಯಲ್ಲ, ಬುಡು" ಅಂದರು.

ಆರು ದಿನದ ನಂತರ ಕೆ.ಆರ್.ಪೇಟೆ ಬಸ್ಸಿನಲ್ಲಿ, ಒಂದು ಕೈಲಿ ಕಂಬಿ ಹಿಡಿದು ನೇತಾಡುತ್ತಿದ್ದಾಗ, ಮೊಬೈಲಿಗೆ ತರಬೇತಿ ಹುದ್ದೆಯ ಆದೇಶ ಬಂತು. ನಾನು ಕಿರುಚಿದ್ದಕ್ಕೆ ಡ್ರೈವರು ಬ್ರೇಕು ಹಾಕಿದರು. ಮುಂದೆ ಕುಳಿತಿದ್ದ ಚಿಕ್ಕಬೋರಮ್ಮ ಎಂಬ ಅಜ್ಜಿ, "ಯಾರಿಗೇನಾಯ್ತವ್ವಾ?" ಎಂದು ಎದೆ ಹಿಡಿದುಕೊಂಡರು. ಕೆಲಸ ಸಿಕ್ಕಿತಜ್ಜಿ ಎಂದೆ. ಕಂಡಕ್ಟರು, "ಫ್ರೀ ಟಿಕೆಟ್ ತಗಂಡು ಇಷ್ಟು ಜೋರಾಗಿ ಕಿರುಚ್ದೋರು ನೀವೇ ಮೊದ್ಲು ಕಣಮ್ಮ" ಎಂದು ಎರಡು ಸೀಟಿ ಊದಿದರು. ಅಜ್ಜಿ ಮಡಿಲಿನಿಂದ ಕಡಲೆಪುರಿ ತೆಗೆದು ಸುತ್ತ ಹಂಚಿದರು. ಆ ಬಸ್ಸಿನಲ್ಲಿದ್ದವರಾರಿಗೂ ಹೂಡಿಕೆ ಬ್ಯಾಂಕೆಂದರೇನೆಂದು ಗೊತ್ತಿರಲಿಲ್ಲ. ಎಲ್ಲರೂ ಪುರಿ ತಿಂದು ನನಗೆ ಒಳ್ಳೆಯದಾಗಲೆಂದರು.

ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ತಾವು ಒಳಗೆ ಬಿಡದ ಬ್ಯಾಂಕಿನಲ್ಲೇ ಕುಳಿತು ಕೆಲಸ ಮಾಡುತ್ತ, ರಜೆ ಸಿಕ್ಕಾಗ ಊರಿಗೆ ಬಂದು ಬರೆಯುತ್ತಿರುವ ನನ್ನ ಬೇಡಿಕೆಗಳು ಬಹಳ ಸಣ್ಣವು. ತಾವು ಒಂದು ವಾರ ಬೀರುವಿನಿಂದ ಇಳಿದು ಸಿಂಧಘಟ್ಟಕ್ಕೆ ದಯಮಾಡಿಸಬೇಕು, ಬೆಳಗಿನ ಬಸ್ಸಿನಲ್ಲಿ ಪಾಂಡವಪುರಕ್ಕೆ ನಿಂತೇ ಪ್ರಯಾಣಿಸಬೇಕು, ಕೊಪ್ಪರಿಗೆಯ ಮುಂದೆ ಕಣ್ಣು ಮುಚ್ಚಿ ನಿಂತು ಸದ್ದು ಯಾವಾಗ ದಪ್ಪವಾಯಿತೆಂದು ಅಪ್ಪನಿಗೆ ಹೇಳಬೇಕು. ತಪ್ಪಿದರೆ ಅವರು ವಿಷಾದಪತ್ರ ಬರೆಯುವವರಲ್ಲ. ಬೈಯುತ್ತಾರೆ, ಆಮೇಲೆ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಹಾಗೆ ಕಲಿತು ತಾವು ಹಿಂದಿರುಗುವವರೆಗೆ, ಅರ್ಜಿ ಹಾಕಿರುವ ಸಾವಿರಾರು ಹುಡುಗ ಹುಡುಗಿಯರನ್ನು ಯಾರಾದರೂ ಮನುಷ್ಯರು ನೋಡಿಕೊಳ್ಳಲಿ, ತಡವಾದರೂ ಚಿಂತೆಯಿಲ್ಲ, ನಾವು ಕಾಯುವುದಕ್ಕೆ ಒಗ್ಗಿದವರು.

ಇಂತು,
ತಾವು ಇಡದೆ ಉಳಿಸಿದ ವಿಶ್ವಾಸವನ್ನೂ ತಾನೇ ಇಟ್ಟುಕೊಂಡ,
ತಮ್ಮ ವಿಶ್ವಾಸಿ
ಪಿ. ರಂಜಿತ

ತಾ.ಕ.: ತಮ್ಮನ್ನು ತಯಾರಿಸಿದ ಕಂಪನಿ ಮಾರಾಟಕ್ಕಿದೆಯೆಂಬುದು ತಮಗೆ ತಿಳಿದಿರಲಾರದು. ತಮಗೆ ಬೆಲೆ ಕಟ್ಟುವ ಕೆಲಸ ಕಳೆದ ವಾರ ನಮ್ಮ ವಿಭಾಗಕ್ಕೆ ಬಂತು. ತಮ್ಮೊಡನೆ ಹಳೆಯ ಪರಿಚಯವಿದೆಯೆಂದು ನಿಯಮದ ಪ್ರಕಾರ ಬರೆದುಕೊಟ್ಟು ನಾನು ಅದರಿಂದ ಹಿಂದೆ ಸರಿದೆ. ತಾವು ಗಾಬರಿಯಾಗಬೇಡಿ, ಕಡತವನ್ನು ಪಕ್ಕದ ಮೇಜಿನ ಕೃಷ್ಣನಿಗೆ ಕೊಟ್ಟಿದ್ದಾರೆ. ಬಹಳ ಒಳ್ಳೆಯ ಹುಡುಗ, ಯಾರ ಮೇಲೂ ದ್ವೇಷವಿಟ್ಟುಕೊಳ್ಳುವವನಲ್ಲ. ತಾವು ಅವನನ್ನು ಏಳು ಸಲ ಬೇಡವೆಂದಿದ್ದಿರಂತೆ.